ಮೊದಲು ಕಾಲು ನೋಡು, ಆಮೇಲೆ ಮಾತಾಡು

ತಮ್ಮಾ, ಹೊಸದಾಗಿ ಸೆಕ್ಷನ್, ಅಂದರೆ ಸೈನಿಕರ ಚಿಕ್ಕ ತಂಡ, ಕೈಗೆ ಬಂದಿದೆ, ಹಿಮದ ಪೋಸ್ಟಿನಲ್ಲಿ ಹುಡುಗರು ಸೋತಿದ್ದಾರೆ, ಏನು ಹೇಳಿ ಹುರುಪು ತುಂಬಲಿ ಅಂತ ಕೇಳಿದ್ದೀಯ. ನಾನು ಬೆಳಗಾವಿಯ ಸೇನಾ ತರಬೇತಿ ಕೇಂದ್ರವಾದ ಮರಾಠಾ ಸೆಂಟರ್‌ನಲ್ಲಿ ತಯಾರಾದವನು, ಎರಡು ಚಳಿಗಾಲ ಅಂಥ ಹಿಮದ ಪೋಸ್ಟಿನಲ್ಲೇ ಕಳೆದಿದ್ದೇನೆ. ಭಾಷಣ ಬೇಡ. ರಾತ್ರಿ ಒಬ್ಬೊಬ್ಬರ ಬೂಟು ಬಿಚ್ಚಿಸಿ ಕಾಲು ನೋಡು. ಬೆರಳು ಬೆಳ್ಳಗಾಗಿ ಮರಗಟ್ಟಿದೆಯಾ? ಒಣ ಸಾಕ್ಸ್ ಇದೆಯಾ? ಮರಗಟ್ಟಿದ ಬೆರಳನ್ನು ಉಜ್ಜಲು ಮಾತ್ರ ಬಿಡಬೇಡ. ನಮ್ಮ ಹವಾಲ್ದಾರರು ನಮ್ಮ ಪಾದ ತಮ್ಮ ಕೈಯಲ್ಲೇ ಹಿಡಿದು ನೋಡುತ್ತಿದ್ದರು. ಅಂಥವರು ಏನು ಹೇಳಿದರೂ ಕೇಳಬೇಕು ಅನ್ನಿಸುತ್ತದೆ, ಅಲ್ವಾ?

ಕೈಗೆ ಕೆಲಸ ಕೊಡು. 1777ರ ಡಿಸೆಂಬರ್‌ನಲ್ಲಿ ಅಮೆರಿಕದ ಸ್ವಾತಂತ್ರ್ಯ ಯುದ್ಧದ ಚಳಿಗಾಲದ ಶಿಬಿರ ವ್ಯಾಲಿ ಫೋರ್ಜ್‌ನಲ್ಲಿ ಎಷ್ಟೋ ಸೈನಿಕರಿಗೆ ಬೂಟೇ ಇರಲಿಲ್ಲ. ಅವರ ಸೇನಾಪತಿ ಜಾರ್ಜ್ ವಾಷಿಂಗ್ಟನ್ 12 ಜನರಿಗೊಂದು ಮರದ ಗುಡಿಸಲು ಕಟ್ಟಿಸಿದರು. ಪ್ರತಿ ರೆಜಿಮೆಂಟ್‌ನಲ್ಲಿ ಬೇಗ, ಚೆನ್ನಾಗಿ ಕಟ್ಟಿದ ತಂಡಕ್ಕೆ 12 ಡಾಲರ್ ಬಹುಮಾನ. ಫೆಬ್ರವರಿಯಲ್ಲಿ ಬಂದ ಜರ್ಮನ್ ಮೂಲದ ಸೇನಾಧಿಕಾರಿ ಫಾನ್ ಸ್ಟೂಬೆನ್ ತಾವೇ ಬಂದೂಕು ಹಿಡಿದು ಕವಾಯತು ಕಲಿಸಿದರು.

ಯಾರಾದರೂ ಸುಮ್ನೆ ಮೂಲೆ ಹಿಡಿದರೆ, ಊಟ ಬಿಟ್ಟರೆ ಬರೀ ಬೇಸರ ಅಂದುಕೊಳ್ಳಬೇಡ. ಎತ್ತರದ ಜಾಗದಲ್ಲಿ ಆಮ್ಲಜನಕ ಸಾಲದೆ ಬರುವ ಕಾಯಿಲೆ ಇರಬಹುದು, ತಕ್ಷಣ ನರ್ಸಿಂಗ್ ಅಸಿಸ್ಟೆಂಟ್‌ಗೆ ತೋರಿಸು.

ಚಹಾ ಎಲ್ಲರಿಗೂ ಸಿಕ್ಕ ಮೇಲೆ ನೀನು ಕುಡಿ. ಮನೆಯಿಂದ ಗೋಕಾಕದ ಕರದಂಟು ತರಿಸು. ಅದನ್ನು ಹಂಚಿದ ರಾತ್ರಿ ನಮ್ಮ ಬಂಕರಿನಲ್ಲಿ ಬಹಳ ಹೊತ್ತು ಊರಿನ ಮಾತೇ ನಡೆದಿತ್ತು.