ಇಂಜಿನ್ ಬೋರ್ ಮಾಡಿಸೋಕ್ಕಿಂತ ಮೊದ್ಲು ಗಾಡಿ ಯಾವಾಗ ಹೀಟ್ ಆಗ್ತೈತಿ ನೋಡ್ರಿ

ಯುಗಾದಿ ಹತ್ರ ಬಂತಂದ್ರ ನನಗ ಬರೋ ಪ್ರಶ್ನಿ ಎಲ್ಲಾ ಒಂದೇ ನಮೂನಿ. ಹಳೇ ಮಾರುತಿ ಓಮ್ನಿ, ಶ್ರೀಶೈಲ, ಹೀಟ್. ಗಂಗಾವತಿಯಾಗ ಇಷ್ಟು ವರ್ಷ ಗ್ಯಾರೇಜ್ ನಡೆಸಿ ಇದಕ್ಕ ಉತ್ತರ ಹೇಳಿ ಹೇಳಿ ಸಾಕಾಗೈತಿ, ಅದಕ್ಕ ಈ ಸಲ ಒಂದು ಪ್ರಶ್ನಿಗೆ ಪೂರ್ತಿ ಬರೀತೀನಿ, ಉಳದವಕ್ಕ ಕೊನೀಗೆ ಚುಟುಕಾಗಿ.

ಸಿಂಧನೂರಿನ ಓದುಗರು: ಅಣ್ಣಾರ, ನಮ್ದು 2004ರ ಓಮ್ನಿ. ಊರಾಗ ಏನೂ ತೊಂದ್ರಿ ಇಲ್ಲ, ಹೈವೇ ಹತ್ತಿ ಇಪ್ಪತ್ತು ಕಿಲೋಮೀಟರ್ ಆತಂದ್ರ ಟೆಂಪರೇಚರ್ ಮುಳ್ಳು ಏರ್ತೈತಿ, ಪಿಕಪ್ ಬೀಳ್ತೈತಿ. ಒಬ್ಬ ಮೆಕ್ಯಾನಿಕ್ ಇಂಜಿನ್ ಬೋರ್ ಮಾಡಿಸ್ರಿ (ಸವದ ಸಿಲಿಂಡರ್ ಕೊರಸಿ ದೊಡ್ಡ ಪಿಸ್ಟನ್ ಹಾಕ್ಸೋದು) ಅಂದ, ಇನ್ನೊಬ್ಬ ಥರ್ಮೋಸ್ಟಾಟ್ ವಾಲ್ (ಇಂಜಿನ್ ಬಿಸಿಯಾಗೋ ತನಕ ರೇಡಿಯೇಟರಿಗೆ ನೀರು ಬಿಡದಂಗ ತಡಿಯೋದು) ತೆಗೆದು ಒಗಿಯೂನು ಅಂದ. ಹಬ್ಬಕ್ಕ ಶ್ರೀಶೈಲಕ್ಕ ಹತ್ತು ಮಂದಿ ಹೊಂಟೀವಿ.

ಅರ್ಧ ಉತ್ತರ ನೀವ ಬರದೀರಿ ನೋಡ್ರಿ. ಊರಾಗ ಇಲ್ಲ, ಹೈವೇದಾಗ ಐತಿ. ಸಿಗ್ನಲ್‌ದಾಗ, ಸಂತಿ ಗದ್ದಲದಾಗ ನಿಂತಾಗ ಹೀಟ್ ಆದ್ರ ಮೊದ್ಲು ಫ್ಯಾನ್ ಮ್ಯಾಲ ಅನುಮಾನ, ಯಾಕಂದ್ರ ನಿಂತ ಗಾಡಿಗೆ ಗಾಳಿ ಕೊಡೋದು ಫ್ಯಾನ್ ಒಂದೇ. ಹೈವೇದಾಗ ಗಾಳಿ ತಾನಾಗೇ ಬಡೀತೈತಿ, ಅಲ್ಲಿ ಹೀಟ್ ಆಗ್ತೈತಂದ್ರ ಹೆಚ್ಚಾಗಿ ನೀರು ಸರಿಯಾಗಿ ತಿರುಗವಲ್ದು, ಇಲ್ಲಾ ರೇಡಿಯೇಟರ್ ಬಿಸಿ ಬಿಡವಲ್ದು, ಇಲ್ಲಾ ಹೆಡ್ ಗ್ಯಾಸ್ಕೆಟ್ (ಇಂಜಿನ್ ಮ್ಯಾಲಿನ ಮುಚ್ಚಳ ಅಂದ್ರ ಹೆಡ್, ಅದರ ಕೆಳಗಿನ ಪ್ಯಾಕಿಂಗ್) ಹೊಂಟೈತಿ. ಇವು ಮೂರೂ ನೋಡದೇ ಬರೇ ಸೌಂಡ್ ಕೇಳಿ ಬೋರ್ ಅಂದವ್ನ ಕೈಯಾಗ ಗಾಡಿ ಕೊಡಬ್ಯಾಡ್ರಿ.

ಮುಂಜಾನಿ, ಗಾಡಿ ಪೂರ್ತಿ ತಣ್ಣಗಿದ್ದಾಗ, ಸ್ಟಾರ್ಟ್ ಮಾಡೋಕ್ಕಿಂತ ಮೊದ್ಲು ರೇಡಿಯೇಟರ್ ಕ್ಯಾಪ್ ತೆಗೀರಿ. ನೀರು ಕಡಿಮಿ ಆಗಿದ್ರ ಅದು ಎಲ್ಲಿಗಿ ಹೋತು ಅನ್ನೋದೇ ನಿಮ್ಮ ಮೊದಲ ಪ್ರಶ್ನಿ. ಕ್ಯಾಪ್ ತೆಗೆದಿಟ್ಟೇ ಸ್ಟಾರ್ಟ್ ಮಾಡಿ ಬಾಯಾಗ ನೋಡ್ರಿ, ಶುರುವಿಗೆ ಒಂದೆರಡು ಗುಳ್ಳಿ ಬಂದು ನಿಲ್ಲೋದು ಸಹಜ, ನಿಲ್ಲದೇ ಬುಳುಬುಳು ಬರ್ತಾನೇ ಇದ್ರ ಸಿಲಿಂಡರ್ ಗ್ಯಾಸ್ ನೀರಿಗೆ ಸೇರಾಕತ್ತೈತಿ ಅಂತ ಲೆಕ್ಕ. ಆಮ್ಯಾಲ ಬಂದ್ ಮಾಡಿ ಆಯಿಲ್ ಕಡ್ಡಿ ಎಳೀರಿ, ಆಯಿಲ್ ಮಜ್ಜಿಗಿ ಹಂಗ ಬೆಳ್ಳಗಾಗಿದ್ರ ಆ ಗಾಡಿ ಊರ ದಾಟಬಾರ್ದು. (ಆಯಿಲ್ ಹಾಕೋ ಮುಚ್ಚಳದಾಗ ಮಾತ್ರ ಒಂಚೂರು ನೊರಿ ಇದ್ರ ಗಾಬರಿ ಬ್ಯಾಡ, ಗಾಡಿ ಬರೇ ಹತ್ರ ಹತ್ರ ಓಡಿಸಿದ್ರೂ ಹಂಗಾಗ್ತೈತಿ.) ಓಮ್ನಿದು ಮೂರ ಸಿಲಿಂಡರ್, 796 ಸಿಸಿ, ಮೂರ ಪ್ಲಗ್. ಮೂರೂ ಬಿಚ್ಚಿ ಸಾಲಾಗಿ ಇಡ್ರಿ, ಎರಡು ಕಂದು ಬಣ್ಣ ಇದ್ದು ಒಂದು ಮಾತ್ರ ತೊಳದಂಗ ಕ್ಲೀನ್ ಇದ್ರ ಆ ಸಿಲಿಂಡರ್ ನೀರು ಕುಡೀತಿರಬಹುದು. ಪ್ಲಗ್ ಬಿಚ್ಚಿದಾಗಲೇ ಸಿಲಿಂಡರ್ ಒಳಗಿನ ಒತ್ತಡ ಅಳಿಯೋ ಕಂಪ್ರೆಷನ್ ಗೇಜ್ ಹಾಕ್ಸಿಬಿಡ್ರಿ. ಮೂರೂ ಹತ್ರ ಹತ್ರ ಇದ್ದು ರೀಡಿಂಗ್ ಚೊಲೋ ಇದ್ರ ಬೋರ್ ಮಾತೇ ಇಲ್ಲ. ಒಂದು ಬಿದ್ದಿದ್ರ ಅದರಾಗ ಒಂದು ಚಮಚ ಆಯಿಲ್ ಹಾಕಿ ತಿರುಗಿ ನೋಡ್ರಿ, ಏರಿದ್ರ ಪಿಸ್ಟನ್ ರಿಂಗ್ ಇಲ್ಲಾ ಸಿಲಿಂಡರ್ ಸವದೈತಿ, ಬೋರ್ ಮಾತು ಬರೋದು ಆಗ; ಏರಲಿಲ್ಲಂದ್ರ ಇಂಜಿನ್ ಹೆಡ್ಡಿನ ವಾಲ್ ಇಲ್ಲಾ ಗ್ಯಾಸ್ಕೆಟ್. ಗೇಜ್ ಇಲ್ದ ಬೋರ್ ಹೇಳೋನು ನಿಮ್ಮ ರೊಕ್ಕ ನೋಡಿ ಹೇಳ್ತಾನ.

ಇವೆಲ್ಲಾ ಸರಿ ಐತಿ ಅನ್ರಿ, ಆಗ ರೇಡಿಯೇಟರ್. ನಮ್ಮ ಕಡೆ ಗಾಡಿದಾಗ ಹೆಚ್ಚಾಗಿ ಇದೇ ಇರ್ತೈತಿ, ಯಾಕಂದ್ರ ಕೊಪ್ಪಳ ರಾಯಚೂರು ಸೀಮಿ ಬೋರ್‌ವೆಲ್ ನೀರು ಗಡಸು, ಕಾಸೋ ಹಂಡೇದಾಗ ಬಿಳೀ ಹಕ್ಕಳಿ ಕಟ್ತೈತಲ್ಲ, ಅದೇ ಹಕ್ಕಳಿ ರೇಡಿಯೇಟರ್ ಸಣ್ಣ ಕೊಳವಿಯಾಗೂ ಕಟ್ಟಿ ಮುಚ್ಚಿಬಿಡ್ತೈತಿ. ಗಾಡಿ ಬಿಸಿಯಾದ್ಮ್ಯಾಲ ಇಂಜಿನ್ ಬಂದ್ ಮಾಡಿ ಫ್ಯಾನ್ ನಿಂತ ಮ್ಯಾಲ ರೇಡಿಯೇಟರ್ ಮ್ಯಾಲ ಹಗೂರಕ ಕೈ ಆಡಿಸ್ರಿ, ನಡುವ ಅಲ್ಲಲ್ಲಿ ತಣ್ಣಗಿದ್ರ ಅಲ್ಲಿ ನೀರು ಹಾಯವಲ್ದು. ಹೊರಗಿಂದನೂ ನೋಡ್ರಿ, ಭತ್ತ ಕಟಾವು ಟೈಮಿನಾಗ ಹಾರೋ ಹೊಟ್ಟು, ರೈಸ್ ಮಿಲ್ ಧೂಳು ಜಾಲರಿ ತುಂಬಾ ಮೆತ್ತಿರ್ತೈತಿ, ಇಂಜಿನ್ ಕಡೆಯಿಂದ ಹೊರಗ ಸಣ್ಣ ಪ್ರೆಷರಿನಾಗ ನೀರು ಬಿಡ್ರಿ, ಜೋರಾಗಿ ಹೊಡೆದ್ರ ಜಾಲರಿ ಮಡಚ್ಕೊಂತಾವು. ವಾಟರ್ ಪಂಪ್ ಬೆಲ್ಟ್, ಹೋಸ್ ಪೈಪ್ ನೋಡ್ರಿ ಅಂತ ಬ್ಯಾರೆ ಹೇಳ್ಬೇಕಿಲ್ಲ. ಆದ್ರ ಕ್ಯಾಪ್ ಯಾರೂ ನೋಡೂದಿಲ್ಲ. ಅದರ ಸ್ಪ್ರಿಂಗ್ ಪ್ರೆಷರ್ ಹಿಡಿದ್ರನ 100 ಡಿಗ್ರಿಗೆ ಕುದಿಯೋ ನೀರು 120ರ ಹತ್ರ ಹೋಗೋ ತನಕ ತಡೀತೈತಿ. ಅದರ ರಬ್ಬರ್ ಹರಿದಿದ್ರ ನೀವು ಏನ್ ರಿಪೇರಿ ಮಾಡಿಸಿದ್ರೂ ವ್ಯರ್ಥ. ಕೂಲಂಟ್ ಹಾಕ್ರಿ, ಬೆರೆಸಾಕ ಬ್ಯಾಟರಿಗೆ ಹಾಕೋ ಡಿಸ್ಟಿಲ್ಡ್ ನೀರು ತಗೋರಿ, ನಳದ್ದು ಬ್ಯಾಡ.

ಇನ್ನ ಥರ್ಮೋಸ್ಟಾಟ್ ವಾಲ್ ತೆಗಿಯೋ ಮಾತು. ಇದು ಕೇಳಿದ್ರ ನನಗ ಮೈ ಉರೀತೈತಿ. ಥರ್ಮೋಸ್ಟಾಟ್ ಕೆಟ್ಟಿದ್ರ ಬಿಚ್ಚಿ ಕುದಿಯೋ ನೀರಿನ ಬೋಗಾಣಿಯಾಗ ಹಾಕ್ರಿ, ತೆರೀಲಿಲ್ಲಂದ್ರ ಹೊಸಾದು ಹಾಕ್ಸ್ರಿ. ಸುಮ್ನ ಕಿತ್ತು ಒಗದ್ರ ಇಂಜಿನ್ ಬೇಕಾದಷ್ಟು ಬಿಸಿ ಆಗಾಕ ತಡ ಹಿಡೀತೈತಿ, ಪೆಟ್ರೋಲ್ ಹೆಚ್ಚು ಕುಡೀತೈತಿ, ಆ ಪೆಟ್ರೋಲ್ ಆಯಿಲಿಗೆ ಇಳಿದು ಆಯಿಲ್ ತೆಳ್ಳಗ ಮಾಡ್ತೈತಿ. ಮುಳ್ಳು ಕೆಳಗ ನಿಂತಿದ್ದು ನೋಡಿ ನೀವು ಸಮಾಧಾನ ಆಗ್ತೀರಿ, ಒಳಗಿನ ರೋಗ ಹಂಗ ಇರ್ತೈತಿ.

ಒಂದು ಮಾತು ನಂದ ಹೇಳ್ತೀನಿ. ಭಾಳ ವರ್ಷದ ಹಿಂದ ಒಂದು ಓಮ್ನಿಗೆ ಫ್ಯಾನ್ ಸ್ವಿಚ್ ಒಂದೇ ಹಾಕಿ, ಇನ್ನೇನೂ ನೋಡದೇ ನಾನೇ ಶ್ರೀಶೈಲಕ್ಕ ಹೋಗಿಬರ್ರಿ ಅಂದಿದ್ದೆ. ಕರ್ನೂಲ್ ದಾಟಿ, ಆತ್ಮಕೂರು ದಾಟಿ, ದೋರ್ನಾಳ ಘಾಟಿನಾಗ ಹೆಡ್ ಹೋತು. ಸಣ್ಣ ಹುಡುಗರಿದ್ರು, ಆ ಕಾಡಿನ ದಾರಿಗೆ ರಾತ್ರಿ ಗೇಟ್ ಹಾಕ್ತಾರ, ಬ್ಯಾರೆ ಗಾಡಿ ಸಿಗಾಕ ಎಷ್ಟು ಒದ್ದಾಡ್ಯಾರ ಅಂತ ಆಮ್ಯಾಲ ಕೇಳಿ ನನಗ ಊಟ ಸೇರ್ಲಿಲ್ಲ. ಅವತ್ತಿಂದ ಹಬ್ಬದ ಹಿಂದಿನ ದಿನ ಬಂದ ಗಾಡಿಗೆ ನಾನು ಹೋಗ್ರಿ ಅನ್ನೂದಿಲ್ಲ. ಹದಿನೈದು ದಿನ ಮೊದ್ಲ ಕೆಲಸ ಮುಗಿಸಿ, ಮಂದಿ ಕುಂದ್ರಿಸ್ಕೊಂಡು, ಮಧ್ಯಾಹ್ನದ ಬಿಸಲಾಗ ಸಿಂಧನೂರಿಂದ ರಾಯಚೂರಿಗೆ ಹೋಗಿ ಬರ್ರಿ, ಮರುದಿನ ಮುಂಜಾನಿ ಮತ್ತ ನೀರು ನೋಡ್ರಿ. ಒಂದು ಲೋಟ ಕಡಿಮಿ ಆಗಿದ್ರೂ ಬಸ್ಸಿಗೆ ಹೋಗ್ರಿ. ಮತ್ತ ಹತ್ತು ಮಂದಿ ಅಂದ್ರಲ್ಲ, ಅದು ಹೆಚ್ಚಂದ್ರ ಎಂಟ ಮಂದಿ ಗಾಡಿ, ಅದಕ್ಕಿಂತ ಹೆಚ್ಚು ಮಂದಿ ಹೋಗಬ್ಯಾಡ್ರಿ.

ಕುಷ್ಟಗಿ ಓದುಗರು: ನೀಲಿ ಹೊಗಿ ಬರ್ತೈತಿ, ಆಯಿಲ್‌ದಾಗ ಹಾಕೋ ಡಬ್ಬಿ ಔಷಧಿ ಕೆಲಸ ಮಾಡ್ತೈತೇನು?

ಇಲ್ಲ. ನೀಲಿ ಅಂದ್ರ ಆಯಿಲ್ ಸುಡಾಕತ್ತೈತಿ, ಸವದ ರಿಂಗ್ ಡಬ್ಬಿಯಿಂದ ಬೆಳೆಯೂದಿಲ್ಲ.

ಸಿರುಗುಪ್ಪದ ಓದುಗರು: ಘಾಟ್ ಇಳಿಯೋವಾಗ ನ್ಯೂಟ್ರಲ್ ಮಾಡಿ ಬಿಟ್ರ ಇಂಜಿನ್ ತಂಪಾಗಿ ಪೆಟ್ರೋಲೂ ಉಳೀತೈತಂತ?

ಯಾರು ಹೇಳಿದ್ರೋ ಅವರ ಗಾಡಿ ಹತ್ತಬ್ಯಾಡ್ರಿ. ಯಾವ ಗೇರಿನಾಗ ಏರ್ತೀರೋ ಅದೇ ಗೇರಿನಾಗ ಇಳೀರಿ.

ಕಾರಟಗಿ ಓದುಗರು: ದಾರ್ಯಾಗ ಹೀಟ್ ಆದ್ರ ತಕ್ಷಣ ತಣ್ಣೀರು ಹಾಕಬಹುದೇನು?

ಹಾಕಬ್ಯಾಡ್ರಿ, ಹೆಡ್ ಸೊಟ್ಟ ಆಗ್ತೈತಿ, ಕ್ಯಾಪ್ ತೆಗದ್ರ ಮಾರಿ ಸುಡ್ತೈತಿ. ನೆರಳಿಗೆ ನಿಲ್ಲಿಸಿ ಇಂಜಿನ್ ಬಂದ್ ಮಾಡ್ರಿ, ಒಂದು ತಾಸು ಕುಂದ್ರಿ.