ಮಗನ ಬಿಟ್‌ಕಾಯಿನ್, ಅಪ್ಪನ ಐನೂರರ ನೋಟು

ಕ್ರಿಪ್ಟೋ, ಅಂದರೆ ಬಿಟ್‌ಕಾಯಿನ್‌ನಂಥ ಕಂಪ್ಯೂಟರಿನಲ್ಲಷ್ಟೇ ಇರುವ ನಾಣ್ಯಗಳ ಜಗಳ ಹೊತ್ತುಕೊಂಡು ವಿಜಯಪುರದ ನನ್ನ ಆಪ್ತಸಲಹಾ ಕೇಂದ್ರಕ್ಕೆ ಬರುವ ಮನೆಗಳು ಈಗೀಗ ಜಾಸ್ತಿ. ಪ್ರತಿ ಸಲ ನನಗೆ ನೆನಪಾಗುವುದು ಕೆಲವು ವರ್ಷ ಹಿಂದಿನ ಈ ಪ್ರಕರಣ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರ ಮನೆ. ಮಣೂಕ (ಒಣದ್ರಾಕ್ಷಿ) ಮಾರಿದ ದುಡ್ಡಿನ ಜೊತೆ ಬೆಳೆಸಾಲದ ಒಂದು ಪಾಲನ್ನೂ ಮಗ ಯಾರಿಗೂ ಹೇಳದೆ ಬಿಟ್‌ಕಾಯಿನ್‌ಗೆ ಹಾಕಿದ್ದ. 2021ರ ನವೆಂಬರಿನಲ್ಲಿ ಅದರ ಬೆಲೆ 68 ಸಾವಿರ ಡಾಲರ್ ದಾಟಿತ್ತು. ವರ್ಷ ತುಂಬುವಷ್ಟರಲ್ಲಿ 16 ಸಾವಿರದ ಆಸುಪಾಸು. ಇವನು ಕೊಂಡದ್ದು ಮೇಲಿದ್ದಾಗ, ಗಾಬರಿಯಾಗಿ ಅರ್ಧ ಮಾರಿದ್ದು ಕೆಳಗಿದ್ದಾಗ. ಹೆಂಡತಿಗೆ ಗೊತ್ತಾಗಿದ್ದು ಸೊಸೈಟಿಯಿಂದ ನೋಟಿಸ್ ಬಂದಾಗ.

ಮೊದಲೆರಡು ಸಲ ಬರೀ ಬೈದಾಟ. ಮೂರನೇ ಸಲ ಅಪ್ಪ ಜೇಬಿನಿಂದ ಐನೂರರ ನೋಟು ತೆಗೆದು ಮೇಜಿನ ಮೇಲಿಟ್ಟರು. "ಇದು ರೊಕ್ಕ. ನಿಂದು ಕಣ್ಣಿಗೆ ಕಾಣ್ತೈತೇನು?"

ಅಲ್ಲಿ ನಾನು ಅಪ್ಪನನ್ನು ತಡೆದೆ. ಫೋನಿನಿಂದ ಕಳಿಸುವ ದುಡ್ಡೂ ಕಣ್ಣಿಗೆ ಕಾಣುವುದಿಲ್ಲ, ಅದು ರೂಪಾಯಿಯೇ ಅಲ್ವಾ? 2022ರ ಡಿಸೆಂಬರಿನಿಂದ ರಿಸರ್ವ್ ಬ್ಯಾಂಕ್ ಪ್ರಾಯೋಗಿಕವಾಗಿ ಕೊಡುತ್ತಿರುವ ಡಿಜಿಟಲ್ ರೂಪಾಯಿಯೂ ರೂಪಾಯಿಯೇ. ಕಾಣೋದು, ಕಾಣದಿರೋದು ಇಲ್ಲಿ ಲೆಕ್ಕಕ್ಕಿಲ್ಲ.

ಮಗನಿಗೆ ಧೈರ್ಯ ಬಂತು. "ಯಪ್ಪಾ, ಇದ ಐನೂರರ ನೋಟ 2016ರಾಗ ಒಂದ ರಾತ್ರ್ಯಾಗ ಬಂದ್ ಮಾಡಿದ್ರಲ್ಲ? ಬಿಟ್‌ಕಾಯಿನ್ ಯಾರಿಗೂ ಬಂದ್ ಮಾಡಾಕ ಬರಂಗಿಲ್ಲ. 2 ಕೋಟಿ 10 ಲಕ್ಷದ ಮ್ಯಾಲ ಒಂದೂ ಹುಟ್ಟಂಗಿಲ್ಲ."

ಹುಡುಗ ಹೇಳಿದ್ದರಲ್ಲಿ ಸುಳ್ಳಿಲ್ಲ. ಆ ಮಿತಿ 2009ರಲ್ಲಿ ಶುರುವಾದಾಗಿನಿಂದ ಅದರ ಪ್ರೋಗ್ರಾಂನಲ್ಲೇ ಇದೆ. ರೂಪಾಯಿಗೆ ಅಂಥ ಮಿತಿ ಇಲ್ಲ.

ಅಪ್ಪ ಸ್ವಲ್ಪ ಹೊತ್ತು ನೋಟು ನೋಡುತ್ತಾ ಕೂತರು. "ಅವತ್ತ ನಾನೂ ಬ್ಯಾಂಕಿನ ಮುಂದ ಪಾಳಿ ಹಚ್ಚೇನಿ. ಬಾಯಿಗೆ ಬಂದಂಗ ಬೈದೇನಿ. ಆದ್ರ ಬೈಯಾಕ ಅಲ್ಲೊಂದು ಬಾಗಲಾ ಇತ್ತು. ನಿನ್ನ ರೊಕ್ಕ ಹೋದ್ರ ನಾ ಯಾರ ಬಾಗಲಾ ಬಡೀಲಿ, ತಮ್ಮಾ?"

ಮಗ ತಲೆ ತಗ್ಗಿಸಿದ. ಸಾಲದ ಪೂರ್ತಿ ಮೊತ್ತ ಬಾಯಿಬಿಟ್ಟಿದ್ದು ಆಮೇಲೆ.

ಅಪ್ಪನ ಆ ಮಾತು ನನಗೆ ಪುಸ್ತಕದ ವಿವರಣೆಗಿಂತ ದೊಡ್ಡದು. ಐನೂರರ ನೋಟಿನ ಮೇಲೆ ಗವರ್ನರ್ ಸಹಿ ಇದೆ, ಕೇಂದ್ರ ಸರ್ಕಾರದ ಖಾತರಿ ಇದೆ. ಸಾಲ ತೀರಿಸಲು ಕೊಟ್ಟರೆ ಕಾನೂನು ಒಪ್ಪುವ ಹಣ ಅದು. ಬ್ಯಾಂಕ್ ಮುಳುಗಿದರೂ 5 ಲಕ್ಷದವರೆಗೆ ಠೇವಣಿಗೆ ವಿಮೆ ಇದೆ. ಬಿಟ್‌ಕಾಯಿನ್‌ಗೆ ಇದ್ಯಾವುದೂ ಇಲ್ಲ. ತಪ್ಪು ವಿಳಾಸಕ್ಕೆ ಹೋದರೆ ಹಿಂದಕ್ಕೆ ತರಿಸುವವರೂ ಇಲ್ಲ. ನಮ್ಮಲ್ಲಿ ಅದನ್ನು ಇಟ್ಟುಕೊಳ್ಳುವುದು ಅಪರಾಧವಲ್ಲ. ಆದರೆ 2022ರ ಏಪ್ರಿಲ್‌ನಿಂದ ಲಾಭದ ಮೇಲೆ 30 ಪರ್ಸೆಂಟ್ ತೆರಿಗೆ ಇದೆ, ಒಂದು ಕಾಯಿನ್‌ನ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವ ಹಾಗೂ ಇಲ್ಲ. ಈ ಹುಡುಗನಿಗೆ ಇದು ಗೊತ್ತೇ ಇರಲಿಲ್ಲ.

ನಾನು ಹೇಳಿದ್ದು ಇಷ್ಟು. ಮೊದಲು ಸೊಸೈಟಿ ಸಾಲ ತೀರಲಿ. ಸಾಲದ ದುಡ್ಡು, ಹೆಂಡತಿಗೆ ಗೊತ್ತಿಲ್ಲದ ದುಡ್ಡು ಇನ್ನೆಂದೂ ಅಲ್ಲಿಗೆ ಹೋಗಬಾರದು. ಉಳಿದ ಅರ್ಧ ಇಟ್ಟುಕೊಳ್ಳಬೇಕೋ ಮಾರಬೇಕೋ ಗಂಡ ಹೆಂಡತಿ ಕೂತು ತೀರ್ಮಾನಿಸಲಿ. ಇಟ್ಟುಕೊಂಡರೆ, ವ್ಯಾಲೆಟ್ (ಬಿಟ್‌ಕಾಯಿನ್ ಇಡುವ ಡಿಜಿಟಲ್ ಪರ್ಸು) ತೆರೆಯುವ ಹನ್ನೆರಡು ಪದಗಳನ್ನು ಕಾಗದದಲ್ಲಿ ಬರೆದು ಅವಳಿಗೂ ಗೊತ್ತಿರುವ ಕಡೆ ಇಡಬೇಕು. ಅವನಿಗೇನಾದರೂ ಆದರೆ ಆ ಪದಗಳಿಲ್ಲದೆ ಯಾವ ಕೋರ್ಟೂ ಅದನ್ನು ತೆರೆಸಿಕೊಡಲಾರದು.

"ಎಲ್ಲಾ ಮಾರು ಅಂತ ಯಾಕೆ ಹೇಳಲಿಲ್ಲ?" ಎಂದು ಜೊತೆಗಾರರು ಕೇಳಿದರು. ಹಾಗೆ ಹೇಳಿದ್ದರೆ ಅವನು ನನ್ನಿಂದಲೂ ಮುಚ್ಚಿಡುತ್ತಿದ್ದ. ಆ ಮನೆ ಮುರಿಯುತ್ತಿದ್ದುದು ನಷ್ಟದಿಂದಲ್ಲ, ಮುಚ್ಚಿಟ್ಟದ್ದರಿಂದ. ಈ ಮಾತಿಗೆ ನಾನು ಇವತ್ತಿಗೂ ಬದ್ಧ.

ಸಾಲ ಎರಡು ಹಂಗಾಮಿನಲ್ಲಿ ತೀರಿತು. ಹೆಂಡತಿಯ ಸಿಟ್ಟು ಅಷ್ಟು ಬೇಗ ತೀರಲಿಲ್ಲ. ಆಮೇಲೆ ಅವಳೊಬ್ಬಳೇ ಎಷ್ಟೋ ತಿಂಗಳು ನನ್ನ ಹತ್ತಿರ ಬರುತ್ತಿದ್ದಳು.