ಮೊದಲ ಮೂರು ತಿಂಗಳು: ಎಷ್ಟು ತಿನ್ನಬೇಕು, ತೂಕ ಎಷ್ಟು ಏರಬೇಕು?

ತಾಯಿ-ಮಗು: ಓದುಗರ ಪ್ರಶ್ನೆಗೆ ಸ್ತ್ರೀರೋಗ ತಜ್ಞೆಯ ಉತ್ತರ

ಪ್ರಶ್ನೆ: ಮೇಡಂ, ನನಗೆ 29 ವರ್ಷ. ಇಡೀ ದಿನ ಕಂಪ್ಯೂಟರ್ ಮುಂದೆ ಕೂತು ಮಾಡುವ ಕೆಲಸ. ಪಿಸಿಓಡಿ (ಅಂಡಾಶಯದ ಹಾರ್ಮೋನ್ ಏರುಪೇರಿನ ತೊಂದರೆ) ಇತ್ತು. ತೂಕ 80 ಕೆ.ಜಿ. ದಾಟಿತ್ತು. ಮೊಬೈಲ್ ಆ್ಯಪ್‌ನಲ್ಲಿ ದಿನಕ್ಕೆ 1200 ಕ್ಯಾಲೊರಿ ಲೆಕ್ಕ ಇಟ್ಟು, ಕಷ್ಟಪಟ್ಟು 74ಕ್ಕೆ ಇಳಿಸಿದೆ. ಆಮೇಲೆ ಗರ್ಭ ನಿಂತಿತು. ಈಗ 9ನೇ ವಾರ. ಎತ್ತರ 156 ಸೆಂ.ಮೀ. ಅತ್ತೆ ಧಾರವಾಡದಿಂದ ಡಬ್ಬಿ ತುಂಬ ಅಂಟಿನುಂಡೆ ಕಳಿಸಿದ್ದಾರೆ. "ಇನ್ನ ಇಬ್ಬರ ಊಟ ಉಣ್ಣಬೇಕವ್ವಾ" ಅಂತ ದಿನಾ ಫೋನ್ ಮಾಡುತ್ತಾರೆ. ಇಳಿಸಿದ ತೂಕವೆಲ್ಲ ವಾಪಸ್ ಬರುತ್ತೆ ಅಂತ ನನಗೆ ಭಯ. 1200ರ ಲೆಕ್ಕವನ್ನೇ ಮುಂದುವರಿಸಬಹುದಾ? ವಾಕರಿಕೆಯಿಂದ ಈಗಾಗಲೇ 1 ಕೆ.ಜಿ. ಇಳಿದಿದೆ. ಖುಷಿ ಪಡಬೇಕೋ ಹೆದರಬೇಕೋ ಗೊತ್ತಾಗುತ್ತಿಲ್ಲ.
– ಹೆಸರು ಬೇಡ, ಬೆಂಗಳೂರು

ಉತ್ತರ: 1200ರ ಲೆಕ್ಕವನ್ನು ಇವತ್ತೇ ನಿಲ್ಲಿಸಿ. ಇಬ್ಬರ ಊಟವನ್ನೂ ಉಣ್ಣಬೇಡಿ. ಮೊದಲ ಮೂರು ತಿಂಗಳಿಗೆ ಎರಡೂ ಸಲ್ಲದು.

ಮೊದಲು ಅತ್ತೆಯ ಮಾತು. ಅವರ ಪ್ರೀತಿ ದೊಡ್ಡದು, ಅದನ್ನು ನೋಯಿಸಬೇಡಿ. ಆದರೆ ಅಂಟಿನುಂಡೆ ನಮ್ಮಲ್ಲಿ ಮೊದಲಿನಿಂದಲೂ ಬಾಣಂತಿಯ ತಿಂಡಿ. ಒಣಕೊಬ್ಬರಿ, ಬೆಲ್ಲ, ತುಪ್ಪ, ಉತ್ತತ್ತಿ, ಅಂಟು ಎಲ್ಲ ಸೇರಿರುತ್ತೆ. ಹಾಲೂಡಿಸುವ ತಾಯಿಗೆ ಅಷ್ಟು ಶಕ್ತಿ ಬೇಕು. 12ನೇ ವಾರಕ್ಕೆ ಮಗುವಿನ ಉದ್ದ ತಲೆಯಿಂದ ಕುಂಡೆಯವರೆಗೆ ಅಳೆದರೆ 5-6 ಸೆಂ.ಮೀ. ಅಷ್ಟೇ. ಅದಕ್ಕೆ ಈಗ ಇನ್ನೊಂದು ತಟ್ಟೆ ಬೇಕಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಲೆಕ್ಕದಲ್ಲಿ ಗರ್ಭಿಣಿಗೆ ದಿನಕ್ಕೆ 350 ಕ್ಯಾಲೊರಿ ಹೆಚ್ಚು ಬೇಕು. ಅದೂ ನಾಲ್ಕನೇ ತಿಂಗಳಿನಿಂದ ಆಚೆಗೆ. ಅದು ಎಷ್ಟು ಊಟ ಅಂತ ಕೇಳಿ: ಒಂದು ಲೋಟ ಹಾಲು, ಒಂದು ಬಾಳೆಹಣ್ಣು, ಒಂದು ಸಣ್ಣ ಹಿಡಿ ಕಡಲೆಕಾಯಿ ಬೀಜ. ಇಷ್ಟೇ. ಇಬ್ಬರ ಊಟಕ್ಕೂ ಇದಕ್ಕೂ ಎಷ್ಟು ದೂರ ನೋಡಿ. ಉಂಡೆಗಳನ್ನು ಬಾಣಂತನಕ್ಕೆ ಹೊಸದಾಗಿ ಕಟ್ಟಿಕೊಡಿ ಅಂತ ಅತ್ತೆಗೆ ಹೇಳಿ. ಈಗ ಬಂದಿರುವುದನ್ನು ಮನೆಯವರೆಲ್ಲ ಸೇರಿ ತಿನ್ನಿ. ನೀವೂ ಒಂದು ತಿಂದರೆ ಏನೂ ಆಗಲ್ಲ.

ಇನ್ನು 1200. ಅದೇ ಸಂಸ್ಥೆಯ ಪ್ರಕಾರ 55 ಕೆ.ಜಿ. ತೂಕದ, ಕೂತು ಕೆಲಸ ಮಾಡುವ, ಗರ್ಭಿಣಿಯಲ್ಲದ ಹೆಂಗಸಿಗೇ ದಿನಕ್ಕೆ 1660 ಕ್ಯಾಲೊರಿ ಬೇಕು. 1200 ಅದಕ್ಕಿಂತಲೂ ತುಂಬಾ ಕಡಿಮೆ. ಗರ್ಭಿಣಿ ಇಷ್ಟು ಕಡಿಮೆ ತಿಂದರೆ ದೇಹ ಬೇಗ ಕೊಬ್ಬು ಕರಗಿಸಲು ಶುರುಮಾಡುತ್ತದೆ. ಆಗ ಕೀಟೋನ್ ಎಂಬ ಆಮ್ಲಗಳು ರಕ್ತದಲ್ಲಿ ಏರುತ್ತವೆ. ಇನ್ನೊಂದು ತೊಂದರೆ ಇದೆ. ಕ್ಯಾಲೊರಿ ಕಡಿಮೆಯಾದಾಗ ಅದರ ಜೊತೆ ಫೋಲೇಟ್ ಎಂಬ ವಿಟಮಿನ್, ಕಬ್ಬಿಣ, ಪ್ರೋಟೀನ್ ಕೂಡ ಕಡಿಮೆಯಾಗುತ್ತೆ. ಮಗುವಿನ ಬೆನ್ನುಹುರಿ, ಹೃದಯ ರೂಪುಗೊಳ್ಳುವುದು ಈ ವಾರಗಳಲ್ಲೇ. ತೂಕ ಇಳಿಸುವ ಕೆಲಸವನ್ನು ಗರ್ಭ ನಿಲ್ಲುವ ಮೊದಲೇ ಮಾಡಿದ್ದೀರಿ, ಅದು ತುಂಬಾ ಒಳ್ಳೆಯದಾಯಿತು. ಮಿಕ್ಕದ್ದು ಹೆರಿಗೆಯಾದ ಮೇಲೆ. (ಸೆಮಾಗ್ಲುಟೈಡ್‌ನಂಥ ವಾರದ ಇಂಜೆಕ್ಷನ್‌ನಲ್ಲಿ ತೂಕ ಇಳಿಸುತ್ತಿರುವ ಬೇರೆ ಓದುಗರು ಗಮನಿಸಿ: ಮಗು ಬೇಕು ಎಂದುಕೊಂಡರೆ ಅದನ್ನು ಕನಿಷ್ಠ 2 ತಿಂಗಳು ಮೊದಲೇ ನಿಲ್ಲಿಸಬೇಕು. ಗೊತ್ತಾಗದೆ ಗರ್ಭ ನಿಂತಿದ್ದರೆ ಮುಂದಿನ ಡೋಸ್ ತಗೊಳ್ಳದೆ ವೈದ್ಯರನ್ನು ನೋಡಿ.)

ಹಾಗಾದರೆ ತೂಕ ಎಷ್ಟು ಏರಬಹುದು? ನಿಮ್ಮ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 30ರ ಸ್ವಲ್ಪ ಮೇಲಿದೆ, ಅಂದರೆ ತೂಕ ಹೆಚ್ಚು. ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2009ರಲ್ಲಿ ಕೊಟ್ಟ ಅಳತೆಯನ್ನೇ ನಾವೂ ಹೆಚ್ಚಾಗಿ ಬಳಸುತ್ತೇವೆ. ಅದರಂತೆ ಒಂಬತ್ತೂ ತಿಂಗಳು ಸೇರಿ ನಿಮಗೆ 5ರಿಂದ 9 ಕೆ.ಜಿ. ಸಾಕು. ಸಾಧಾರಣ ತೂಕದವರಿಗೆ 11.5ರಿಂದ 16 ಕೆ.ಜಿ. ಮೊದಲ ಮೂರು ತಿಂಗಳಲ್ಲಿ ಯಾರಿಗೇ ಆಗಲಿ ಅರ್ಧದಿಂದ 2 ಕೆ.ಜಿ. ಒಳಗೇ ಏರಿಕೆ. ಎಷ್ಟೋ ಜನರಿಗೆ ಏರುವುದೇ ಇಲ್ಲ. ನಿಮ್ಮ ಹಾಗೆ ವಾಕರಿಕೆ ಇರುವವರಿಗೆ ಕೆ.ಜಿ. ಇಳಿಯುವುದೂ ಉಂಟು. ಆ 1 ಕೆ.ಜಿ. ಬಗ್ಗೆ ಹೆದರಬೇಡಿ. ಖುಷಿಯನ್ನೂ ಪಡಬೇಡಿ, ಅದರಲ್ಲಿ ಹೆಚ್ಚಿನದು ಊಟ, ನೀರು ಕಡಿಮೆಯಾದದ್ದರಿಂದ. ದಿನಾ ಬೆಳಿಗ್ಗೆ ತೂಕದ ಯಂತ್ರ ಹತ್ತುವುದನ್ನು ಬಿಟ್ಟುಬಿಡಿ. ಎರಡು ವಾರಕ್ಕೊಮ್ಮೆ ನೋಡಿದರೆ ಸಾಕು.

ಆ್ಯಪ್ ಬದಲು ನಾನು ಓಪಿಡಿಯಲ್ಲಿ ಎಲ್ಲರಿಗೂ ಹೇಳುವ ಕೆಲಸ ಮಾಡಿ. ನಿನ್ನೆ ಎದ್ದಾಗಿನಿಂದ ಮಲಗುವವರೆಗೆ ಬಾಯಿಗೆ ಹೋದದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆಯಿರಿ. ಊಟ ತಿಂಡಿ ಎಲ್ಲರಿಗೂ ನೆನಪಿರುತ್ತೆ. ಮರೆಯುವುದು ಕಾಫಿಯ ಸಕ್ಕರೆ, ಕಾಫಿ ಜೊತೆಯ ಬಿಸ್ಕತ್ತು, ಸಂಜೆ ಕಚೇರಿಯಲ್ಲಿ ಯಾರೋ ಕೊಟ್ಟ ಸ್ವೀಟು, ಖಾರದ ಮಿಕ್ಸ್ಚರು, ಬಾಟಲಿಯ ಜ್ಯೂಸು. ನಿಮ್ಮ ಬಿಎಂಐ ಇರುವ ಹೆಂಗಸರಲ್ಲಿ ನಾನು ಕತ್ತರಿ ಹಾಕಿಸುವುದು ಇಲ್ಲಿ ಮಾತ್ರ. ಊಟದ ತಟ್ಟೆಗೆ ಅಲ್ಲ. ಒಂದು ದೊಡ್ಡ ಚಮಚ ತುಪ್ಪ ಸುಮಾರು 130 ಕ್ಯಾಲೊರಿ. ಬಿಸಿ ಅನ್ನಕ್ಕೆ ಒಂದು ಚಿಕ್ಕ ಚಮಚ ಹಾಕಿಕೊಳ್ಳಿ, ರುಚಿಗೆ ಅಷ್ಟು ಸಾಕು. ಕಾಫಿ ಬಿಡಲಾಗದಿದ್ದರೆ ದಿನಕ್ಕೆ ಚಿಕ್ಕ ಲೋಟದಲ್ಲಿ ಎರಡು. ಕೆಫೀನ್ ದಿನಕ್ಕೆ 200 ಮಿ.ಗ್ರಾಂ ದಾಟಬಾರದು. ನಮ್ಮ ಫಿಲ್ಟರ್ ಕಾಫಿಯ ಡಿಕಾಕ್ಷನ್ ಗಟ್ಟಿಯಾಗಿದ್ದರೆ ಅದು ಬೇಗ ತುಂಬುತ್ತದೆ.

ವಾಕರಿಕೆ ಇರುವಾಗ "ಸಮತೋಲನ ಆಹಾರ" ಅಂತ ಪಟ್ಟಿ ಕೊಡುವುದು ಸರಿಯಲ್ಲ ಅಂತ ನನಗೆ ಅನಿಸುತ್ತೆ. ಹಿಡಿದದ್ದನ್ನು ತಿನ್ನಿ. ಹಾಸಿಗೆಯಿಂದ ಏಳುವ ಮೊದಲೇ ಒಂದು ಹಿಡಿ ಮಂಡಕ್ಕಿ ಅಥವಾ ಒಂದು ರಸ್ಕ್. ಹೊಟ್ಟೆ ಪೂರ್ತಿ ಖಾಲಿಯಾದರೆ ವಾಕರಿಕೆ ಜಾಸ್ತಿ, ಪೂರ್ತಿ ತುಂಬಿದರೂ ಜಾಸ್ತಿ. ಆದ್ದರಿಂದ ಎರಡು ಮೂರು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ. ಒಗ್ಗರಣೆ ವಾಸನೆ, ಅನ್ನ ಕುದಿಯುವ ವಾಸನೆ ಆಗದಿದ್ದರೆ ಅಡುಗೆಮನೆಯನ್ನು ಒಂದೆರಡು ತಿಂಗಳು ಗಂಡನಿಗೆ ಬಿಟ್ಟುಕೊಡಿ. ಬಿಸಿ ಪದಾರ್ಥಕ್ಕಿಂತ ತಣ್ಣಗಿನದಕ್ಕೆ ವಾಸನೆ ಕಡಿಮೆ. ಮಜ್ಜಿಗೆ ಹಾಕಿದ ರಾಗಿ ಅಂಬಲಿ, ಮೊಸರನ್ನ, ನಿಂಬೆಹಣ್ಣಿನ ಚಿತ್ರಾನ್ನ ಬಹಳ ಜನರಿಗೆ ಒಗ್ಗುತ್ತೆ. ಮೊಟ್ಟೆ ವಾಸನೆ ಆಗದಿದ್ದರೆ ಬಲವಂತ ಬೇಡ, ಹೆಸರುಕಾಳು ಬೇಯಿಸಿ ಉಪ್ಪು ನಿಂಬೆ ಹಾಕಿ. ಸಾಮಾನ್ಯವಾಗಿ 14-16ನೇ ವಾರದ ಹೊತ್ತಿಗೆ ವಾಕರಿಕೆ ತಗ್ಗುತ್ತದೆ. ನಿಮಗೆ ತೂಕದ ಬಗ್ಗೆ ನಿಜವಾಗಿ ಎಚ್ಚರ ಬೇಕಿರುವುದು ಆಗ. ಒಮ್ಮೆಲೇ ಹಸಿವು ವಾಪಸ್ ಬರುತ್ತದೆ, ಮನೆಯವರೂ ಬಯಕೆ ಅಂತ ದಿನಾ ಏನಾದರೂ ಕರಿದು ಕೊಡುತ್ತಾರೆ.

ಎರಡು ಪರೀಕ್ಷೆ ಮಾತ್ರ ಮುಂದೂಡಬೇಡಿ. ಪಿಸಿಓಡಿ ಇದ್ದವರಿಗೆ, ತೂಕ ಹೆಚ್ಚಿರುವವರಿಗೆ ಗರ್ಭಾವಸ್ಥೆಯ ಸಕ್ಕರೆ ಕಾಯಿಲೆ ಬರುವ ಸಾಧ್ಯತೆ ಜಾಸ್ತಿ. 75 ಗ್ರಾಂ ಗ್ಲೂಕೋಸ್ ಕುಡಿದು 2 ಗಂಟೆ ಬಿಟ್ಟು ರಕ್ತ ಕೊಡುವ ಪರೀಕ್ಷೆಯನ್ನು ಈಗಲೇ ಮಾಡಿಸಿ. 140 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಚಿಕಿತ್ಸೆ ಬೇಕು. ಸರಿಯಿದ್ದರೂ 24-28ನೇ ವಾರದಲ್ಲಿ ಮತ್ತೆ ಮಾಡಿಸಬೇಕು. ಇನ್ನೊಂದು ಥೈರಾಯ್ಡ್. ನಿಮ್ಮ ತೂಕಕ್ಕೆ ಫೋಲಿಕ್ ಆಸಿಡ್ ಮಾತ್ರೆಯ ಪ್ರಮಾಣ ಎಷ್ಟಿರಬೇಕು ಅಂತಲೂ ನಿಮ್ಮ ವೈದ್ಯರನ್ನು ಕೇಳಿ, ಕೆಲವರಿಗೆ ಹೆಚ್ಚು ಬೇಕಾಗುತ್ತದೆ. ರಕ್ತಸ್ರಾವ ಏನೂ ಇಲ್ಲದಿದ್ದರೆ ದಿನಾ ಅರ್ಧ ಗಂಟೆ ನಡೆಯಿರಿ.

ಪ್ರಶ್ನೆ: ನಮ್ಮ ಮನೆಯವರಿಗೆ 10ನೇ ವಾರ. 52 ಕೆ.ಜಿ. ಇದ್ದವರು 48ಕ್ಕೆ ಬಂದಿದ್ದಾರೆ. ನೀರು ಕುಡಿದರೂ ವಾಂತಿ. ಬೆಳಿಗ್ಗೆಯಿಂದ ಒಂದು ಸಲ ಮಾತ್ರ ಮೂತ್ರ ಆಗಿದೆ, ಅದೂ ಕಡು ಹಳದಿ. "ಬಸುರಿಗೆ ವಾಂತಿ ಇದ್ದದ್ದೇ, ನಮಗೂ ಆಗಿತ್ತು" ಅನ್ನುತ್ತಾರೆ ಅಮ್ಮ. ಕಾಯಬಹುದೇ?
– ಒಬ್ಬ ಗಂಡ, ಮಂಡ್ಯ ಜಿಲ್ಲೆ

ಉತ್ತರ: ಕಾಯಬಾರದು. ಪತ್ರ ತಲುಪಿದ ದಿನವೇ ಇವರಿಗೆ ಫೋನಿನಲ್ಲಿ ಹೇಳಿದೆವು. ಇಲ್ಲಿ ಮತ್ತೆ ಕೊಡುತ್ತಿರುವುದು ಇದೇ ಸ್ಥಿತಿ ಇನ್ನೂ ಎಷ್ಟೋ ಮನೆಗಳಲ್ಲಿ ಇರಬಹುದು ಅಂತ.

ಗರ್ಭಕ್ಕೆ ಮೊದಲು ಇದ್ದ ತೂಕದಲ್ಲಿ ನೂರಕ್ಕೆ 5ಕ್ಕಿಂತ ಹೆಚ್ಚು ಇಳಿದರೆ ಅದು ಸಾಮಾನ್ಯ ವಾಂತಿಯಲ್ಲ. 52 ಕೆ.ಜಿ. ಇದ್ದವರಿಗೆ 2.6 ಕೆ.ಜಿ. ದಾಟಿದರೆ ಎಚ್ಚರ, ಇವರಿಗೆ 4 ಇಳಿದಿದೆ. ನೀರೂ ನಿಲ್ಲುತ್ತಿಲ್ಲ, ಮೂತ್ರ ಕಡಿಮೆಯಾಗಿದೆ. ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿ, ಮೂತ್ರದಲ್ಲಿ ಕೀಟೋನ್ ನೋಡಿ, ಬಿ1 ವಿಟಮಿನ್ ಕೊಟ್ಟು, ವಾಂತಿ ನಿಲ್ಲಿಸುವ ಔಷಧಿ ಕೊಡುತ್ತಾರೆ. ಸ್ಕ್ಯಾನ್ ಕೂಡ ಮಾಡುತ್ತಾರೆ, ಅವಳಿ ಇದ್ದರೂ ವಾಂತಿ ಹೀಗೆ ಜಾಸ್ತಿಯಾಗುತ್ತದೆ. ವಾಂತಿಗೆ ಗರ್ಭಿಣಿಯರು ತಗೊಳ್ಳಬಹುದಾದ ಮಾತ್ರೆಗಳಿವೆ. ಡಾಕ್ಸಿಲಮಿನ್ ಮತ್ತು ಬಿ6 ಸೇರಿದ ಮಾತ್ರೆ ಬಹಳ ವರ್ಷಗಳಿಂದ ಬಳಕೆಯಲ್ಲಿದೆ. ಮಗುವಿಗೆ ತೊಂದರೆ ಅಂತ ಹೆದರಿ ಉಪವಾಸ ಬಿದ್ದಿರುವುದೇ ಹೆಚ್ಚು ತೊಂದರೆ. ಅಮ್ಮನಿಗೂ ಸಮಾಧಾನವಾಗಿ ಹೇಳಿ.

ಪ್ರಶ್ನೆ: ನನಗೆ 22 ವರ್ಷರಿ. 41 ಕೆ.ಜಿ. ಅದೀನಿ, ಎತ್ತರ 153 ಸೆಂ.ಮೀ. ಈಗ 11ನೇ ವಾರ. ನಮ್ಮ ಅತ್ತಿ "ಕಮ್ಮಿ ಉಣ್ಣು, ಕೂಸು ದೊಡ್ಡದಾದ್ರ ಹೆರಿಗಿ ಕಷ್ಟ ಆಗ್ತೈತಿ" ಅಂತಾರ. ಹೌದೇನ್ರಿ?
– ಕೊಪ್ಪಳ ತಾಲ್ಲೂಕು

ಉತ್ತರ: ಇಲ್ಲಮ್ಮಾ. ಈ ಮಾತು ನಾನು ಕೇಳುತ್ತಲೇ ಬಂದಿದ್ದೇನೆ, ಪ್ರತಿ ಸಲವೂ ಸಂಕಟವಾಗುತ್ತೆ. ಅತ್ತೆಯವರ ಕಾಲದಲ್ಲಿ ಊರಿಗೆ ಆಸ್ಪತ್ರೆ ದೂರ ಇತ್ತು, ಕಷ್ಟದ ಹೆರಿಗೆ ಅಂದರೆ ಜೀವಭಯ. ಆ ಭಯದಿಂದ ಹುಟ್ಟಿದ ಮಾತು ಇದು. ಆದರೆ ಕಡಿಮೆ ಉಂಡರೆ ಹೆರಿಗೆ ಸುಲಭ ಆಗಲ್ಲ. ತಾಯಿಗೆ ರಕ್ತ ಕಡಿಮೆ ಆಗುತ್ತೆ. ಅಂಥವರಿಗೆ ಹೆರಿಗೆಯಲ್ಲಿ ಸ್ವಲ್ಪ ರಕ್ತ ಹೋದರೂ ತಡೆಯುವ ಶಕ್ತಿ ಇರಲ್ಲ. ಮಗು ಎರಡೂವರೆ ಕೆ.ಜಿ.ಗಿಂತ ಕಡಿಮೆ ಹುಟ್ಟಿದರೆ ಅದಕ್ಕೆ ಬೆಚ್ಚಗಿರುವುದೂ ಕಷ್ಟ, ಸೋಂಕು ಬೇಗ ತಗಲುತ್ತದೆ.

ಇದರ ಪರಿಣಾಮ ಮಗುವಿನ ಬಾಲ್ಯಕ್ಕೇ ಮುಗಿಯಲ್ಲ. ಮೈಸೂರಿನ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆಯಲ್ಲಿ 1934ರಿಂದಲೂ ಹುಟ್ಟಿದ ಮಕ್ಕಳ ತೂಕ ಬರೆದಿಟ್ಟಿದ್ದಾರೆ. 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿದ 517 ಜನರನ್ನು ದೊಡ್ಡವರಾದ ಮೇಲೆ ಹುಡುಕಿ ಪರೀಕ್ಷಿಸಿದರು. ಹುಟ್ಟಿದಾಗ ಎರಡೂವರೆ ಕೆ.ಜಿ. ಅಥವಾ ಕಡಿಮೆ ಇದ್ದವರಲ್ಲಿ ನೂರಕ್ಕೆ 11 ಜನರಿಗೆ ಹೃದಯದ ರಕ್ತನಾಳದ ಕಾಯಿಲೆ ಇತ್ತು. ಸುಮಾರು 3.2 ಕೆ.ಜಿ. ಅಥವಾ ಹೆಚ್ಚು ಇದ್ದವರಲ್ಲಿ ನೂರಕ್ಕೆ 3. ನಮ್ಮ ಕರ್ನಾಟಕದ ತಾಯಂದಿರ, ಮಕ್ಕಳ ಲೆಕ್ಕವೇ ಇದು. ಅತ್ತೆಯವರಿಗೆ ಓದಿ ಹೇಳಿ.

ನಿಮ್ಮ ಬಿಎಂಐ 17.5, ಅಂದರೆ ತೂಕ ಕಡಿಮೆ. ನಿಮ್ಮಂಥವರಿಗೆ ಒಂಬತ್ತು ತಿಂಗಳಲ್ಲಿ 12.5ರಿಂದ 18 ಕೆ.ಜಿ. ಏರಬೇಕು. ಮೇಲಿನ ಬೆಂಗಳೂರಿನ ಓದುಗರಿಗೆ ಹೇಳಿದ 5-9 ನಿಮಗಲ್ಲ. ನೀವು ನಾಲ್ಕನೇ ತಿಂಗಳವರೆಗೆ ಕಾಯಬೇಡಿ, ಈಗಿಂದಲೇ ಸ್ವಲ್ಪ ಹೆಚ್ಚು ಉಣ್ಣಿ. ದುಬಾರಿ ಪೌಡರ್ ಡಬ್ಬಿ ಬೇಕಿಲ್ಲ. ಜೋಳದ ರೊಟ್ಟಿ ಜೊತೆ ಶೇಂಗಾ ಹಿಂಡಿ, ಮೊಸರು, ಕಾಳು ಪಲ್ಯ, ಪುಂಡಿ ಪಲ್ಯ ನಿಮ್ಮ ಮನೆಯಲ್ಲೇ ಇರುತ್ತೆ ಅಲ್ವಾ? ಒಂದು ರೊಟ್ಟಿ ಹೆಚ್ಚಿಸಿ. ನಡುವೆ ಶೇಂಗಾ ಬೆಲ್ಲ ತಿನ್ನಿ. ಮೊಟ್ಟೆ ತಿನ್ನುವವರಾದರೆ ದಿನಕ್ಕೊಂದು. ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಣ್ಣುವ ಪದ್ಧತಿ ನಿಮ್ಮ ಮನೆಯಲ್ಲಿದ್ದರೆ, ಈ ಒಂಬತ್ತು ತಿಂಗಳಾದರೂ ಮೊದಲ ಪಂಕ್ತಿಯಲ್ಲಿ ಕೂರಿ.

ಅಂಗನವಾಡಿಯಲ್ಲಿ ಹೆಸರು ಬರೆಸಿದ್ದೀರಾ? 2017ರ ಅಕ್ಟೋಬರ್ 2ರಂದು ರಾಜ್ಯದಲ್ಲೆಲ್ಲ ಶುರುವಾದ ಮಾತೃಪೂರ್ಣ ಯೋಜನೆ ಗರ್ಭಿಣಿ, ಬಾಣಂತಿಯರಿಗಾಗಿಯೇ ಇದೆ. ಅದು ನಿಮ್ಮ ಹಕ್ಕು, ನಾಚಿಕೆ ಬೇಡ. ಆದರೆ ಅಲ್ಲಿ ಪೌಷ್ಟಿಕ ಆಹಾರ ಸಿಗುತ್ತೆ ಅಂತ ಮನೆಯಲ್ಲಿ ಕಡಿಮೆ ಬಡಿಸಬಾರದು. ಹಿಮೋಗ್ಲೋಬಿನ್ ಈಗಲೇ ನೋಡಿಸಿ. 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ಈಗ ಫೋಲಿಕ್ ಆಸಿಡ್ ಮಾತ್ರೆ, ನಾಲ್ಕನೇ ತಿಂಗಳಿನಿಂದ ಕಬ್ಬಿಣದ ಮಾತ್ರೆಯನ್ನು ಆಶಾ ಕಾರ್ಯಕರ್ತೆ ಕೊಡುತ್ತಾರೆ. ಅದನ್ನು ಚಹಾ ಜೊತೆ ನುಂಗಬೇಡಿ, ಕಬ್ಬಿಣ ಮೈಗೆ ಹತ್ತಲ್ಲ. ನಿಂಬೆ ಪಾನಕದ ಜೊತೆ ಒಳ್ಳೆಯದು.

ಪ್ರತಿ ತಿಂಗಳು ತೂಕ ನೋಡಿಸಿ ತಾಯಿ ಕಾರ್ಡಿನಲ್ಲಿ ಬರೆಸಿ. ನಾಲ್ಕನೇ ತಿಂಗಳಿನಿಂದ ನಿಮಗೆ ವಾರಕ್ಕೆ ಸುಮಾರು ಅರ್ಧ ಕೆ.ಜಿ. ಏರಬೇಕು. ಒಂದು ತಿಂಗಳಲ್ಲಿ 1 ಕೆ.ಜಿ.ಯೂ ಏರದಿದ್ದರೆ ಮುಂದಿನ ತಪಾಸಣೆಯವರೆಗೆ ಸುಮ್ಮನಿರಬೇಡಿ, ಆ ವಾರವೇ ಆಸ್ಪತ್ರೆಗೆ ಹೋಗಿ. ಅತ್ತೆಯವರನ್ನೂ ಜೊತೆಗೆ ಕರೆದುಕೊಂಡು ಹೋಗಿ, ವೈದ್ಯರ ಬಾಯಿಂದಲೇ ಅವರು ಕೇಳಲಿ.